ಹತ್ಯಾಕಾಂಡ ನಡೆದೇ ಇಲ್ಲ ಎನ್ನುವುದು ಅಪರಾಧವಾಗಬೇಕೇ?

ಪ್ರಶ್ನೆ: ಯೆಹೂದಿಗಳ ನರಮೇಧ ನಡೆದೇ ಇಲ್ಲವೆಂದು ಜರ್ಮನಿಯಲ್ಲಿ ಬಹಿರಂಗವಾಗಿ ಹೇಳಿದರೆ ಜೈಲು, ಅದೇ ಮಾತನ್ನು ಅಮೆರಿಕದಲ್ಲಿ ಹೇಳಿದರೆ ಮೊಕದ್ದಮೆಯೂ ಇಲ್ಲ. ಟರ್ಕಿಯಲ್ಲಾದರೆ, 1915ರಲ್ಲಿ ಆ ನೆಲದಲ್ಲಿ ಆರ್ಮೇನಿಯನ್ನರ ನರಮೇಧ ನಡೆಯಿತೆಂದವರೇ ಕಟಕಟೆ ಹತ್ತಿದ್ದಾರೆ. ಸತ್ಯಕ್ಕೆ ಪೊಲೀಸರ ಕಾವಲು ಬೇಕೇ? ಒಂದು ನರಮೇಧದ ನೆನಪಿಗೆ ಇರುವ ರಕ್ಷಣೆ ಇನ್ನೊಂದಕ್ಕೆ ಏಕಿಲ್ಲ? ಇಂಥ ಕಾನೂನುಗಳಿದ್ದರೆ, ಸತ್ತವರ ಸಂಖ್ಯೆಯನ್ನು ಮರುಪರಿಶೀಲಿಸುವ ಪ್ರಾಮಾಣಿಕ ಇತಿಹಾಸಕಾರನ ಗತಿ ಏನು?

ಉತ್ತರ: ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸಬಾರದ ಪ್ರಶ್ನೆಗಳಿವು, ಆದ್ದರಿಂದ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇತಿಹಾಸದ ಬಗ್ಗೆ ತಪ್ಪು ಹೇಳಿದ ಮಾತ್ರಕ್ಕೆ ಯಾರನ್ನೂ ಜೈಲಿಗೆ ಕಳಿಸಬಾರದು. ಆದರೆ ನರಮೇಧದ ನಿರಾಕರಣೆ ಎಷ್ಟೋ ಸಲ ಇತಿಹಾಸದ ಕುರಿತ ಮಾತೇ ಆಗಿರುವುದಿಲ್ಲ. ಇಂದು ಬದುಕಿರುವ ಒಂದು ಸಮುದಾಯವನ್ನು ಸುಳ್ಳುಗಾರರ, ವಂಚಕರ ಕೂಟವೆಂದು ಬಿಂಬಿಸಿ, ನೆರೆಹೊರೆಯವರನ್ನು ಅವರ ಮೇಲೆ ಎತ್ತಿಕಟ್ಟುವ ಉಪಾಯವಾಗಿರುತ್ತದೆ. ಹಾಗಿರುವಲ್ಲಿ, ಅಷ್ಟರ ಮಟ್ಟಿಗೆ ಮಾತ್ರ, ದಂಡಸಂಹಿತೆ ನಡುವೆ ಬರಬಹುದು ಎಂಬುದು ನನ್ನ ಅಭಿಪ್ರಾಯ. ಆ ಗೆರೆಯನ್ನು ದಾಟಿ ಶಾಸನಸಭೆಗಳು ತಾವೇ ಇತಿಹಾಸ ಬರೆಯಲು ಕುಳಿತಾಗ ಏನಾಗುತ್ತದೆ ಎಂಬುದಕ್ಕೆ ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ನಿದರ್ಶನಗಳು ಸಿಕ್ಕಿವೆ.

ನಿರಾಕರಣೆಯ ಹುಟ್ಟನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಮರೆತರೆ ಜರ್ಮನ್ ಕಾನೂನು ಅರ್ಥವಾಗುವುದಿಲ್ಲ. ಯೆಹೂದಿಗಳ ನರಮೇಧವನ್ನು ಮೊದಲು ಅಳಿಸಲು ಹೊರಟವರು ಯುದ್ಧಾನಂತರದ ಕರಪತ್ರ ಲೇಖಕರಲ್ಲ, ಕೊಂದವರೇ. 1942ರಿಂದಲೇ ನಾಜಿ ಪಡೆಗಳು ಕೈದಿಗಳ ಕೈಯಿಂದ ಸಾಮೂಹಿಕ ಗೋರಿಗಳನ್ನು ಅಗೆಸಿ, ಶವಗಳನ್ನು ಹೊರತೆಗೆಸಿ ಸುಡಿಸಲು ತೊಡಗಿದ್ದವು. 1943ರ ಅಕ್ಟೋಬರ್‌ನಲ್ಲಿ ಪೋಸೆನ್ ನಗರದಲ್ಲಿ ನಾಜಿಗಳ ಅರೆಸೇನಾ ಪಡೆಯಾದ ಎಸ್‌ಎಸ್ ಅಧಿಕಾರಿಗಳೆದುರು ಮಾತನಾಡಿದ, ಆ ಪಡೆಯ ಮುಖ್ಯಸ್ಥ ಹೈನ್‌ರಿಖ್ ಹಿಮ್ಲರ್, ಈ ಸಂಹಾರವನ್ನು ಎಂದಿಗೂ ಬರೆಯಲಾಗದ ಕೀರ್ತಿಯ ಪುಟವೆಂದು ಕರೆದ. ಸೋವಿಯತ್ ಸೇನೆ 1945ರ ಜನವರಿ 27ರಂದು ಔಶ್ವಿಟ್ಸ್ ಸಂಹಾರ ಶಿಬಿರ ತಲುಪುವ ಮುನ್ನ ಅದರ ಭಾಗವಾಗಿದ್ದ ಬಿರ್ಕೆನಾವ್‌ನ ಅನಿಲ ಕೋಣೆಗಳನ್ನೂ ಶವ ಸುಡುವ ಕುಲುಮೆಗಳನ್ನೂ ಸಿಡಿಮದ್ದಿಟ್ಟು ಉರುಳಿಸಲಾಗಿತ್ತು. ಹೀಗೆ ಸಾಕ್ಷ್ಯನಾಶ ಅಪರಾಧದ ಯೋಜನೆಯಲ್ಲೇ ಸೇರಿತ್ತು. ನಿರಾಕರಿಸುವವನು, ತಿಳಿದೋ ತಿಳಿಯದೆಯೋ, ಆ ಕೆಲಸವನ್ನು ಅಲ್ಲಿಂದ ಮುಂದುವರಿಸುತ್ತಾನೆ.

ಸತ್ಯಕ್ಕೆ ಪೊಲೀಸರ ಕಾವಲು ಬೇಕೇ ಎಂದು ಕೇಳಿದ್ದೀರಿ. ಜರ್ಮನಿಯ ನ್ಯಾಯಾಲಯಗಳು ಕಾವಲು ಹಾಕಿದ್ದು ಸತ್ಯಕ್ಕೆಂದು ಹೇಳಿಕೊಂಡಿಲ್ಲ. 1979ರಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ಪೀಠದ ಮುಂದೆ ಒಬ್ಬ ಯುವಕ ನಿಂತಿದ್ದ. ಅವನ ಯೆಹೂದಿ ಅಜ್ಜ ಔಶ್ವಿಟ್ಸ್‌ನಲ್ಲಿ ಕೊಲೆಯಾಗಿದ್ದರು. ಲಕ್ಷಾಂತರ ಯೆಹೂದಿಗಳ ಹತ್ಯೆಯೆಂಬುದು ಯೆಹೂದಿ ರಾಷ್ಟ್ರವಾದಿಗಳಾದ ಜಿಯೋನಿಸ್ಟರ ಮೋಸವೆಂದು ಸಾರುವ ಭಿತ್ತಿಪತ್ರಗಳ ವಿರುದ್ಧ ಅವನು ದಾವೆ ಹೂಡಿದ್ದ. ತಾನು ಹುಟ್ಟುವ ಮೊದಲೇ ನಡೆದುಹೋದ ಘಟನೆಯ ಬಗೆಗಿನ ಮಾತು ಅವನಿಗೆ ಹೇಗೆ ಅವಮಾನವಾದೀತು ಎಂಬುದು ಪ್ರಶ್ನೆ. ಪೀಠ ಕೊಟ್ಟ ಉತ್ತರದ ಸಾರ ಇದು: ಒಂದು ಕುಲದಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಜನರನ್ನು ಬೇರ್ಪಡಿಸಿ ನಿರ್ಮೂಲನೆಗೆ ಗುರಿಪಡಿಸಿದ ಇತಿಹಾಸ, ಇಂದು ಅದೇ ನೆಲದಲ್ಲಿ ಬಾಳುತ್ತಿರುವ ಯೆಹೂದಿಗಳ ಅಸ್ಮಿತೆಯ ಭಾಗವಾಗಿಬಿಟ್ಟಿದೆ, ಅದನ್ನು ಉಳಿದ ನಾಗರಿಕರು ಗೌರವಿಸುವುದೇ, ಅಂಥದ್ದು ಇನ್ನೊಮ್ಮೆ ನಡೆಯದು ಎಂಬುದಕ್ಕೆ ಅವರಿಗಿರುವ ಭರವಸೆಗಳಲ್ಲಿ ಒಂದು. ಕಾನೂನು ರಕ್ಷಿಸುವುದು ಆ ಯುವಕನನ್ನು, ನಾಳೆ ಅದೇ ಬೀದಿಯಲ್ಲಿ ನಡೆದು ಹೋಗಬೇಕಾದ ಅವನ ಮನೆಯವರನ್ನು.

1994ರಲ್ಲಿ ಎರಡು ಬೆಳವಣಿಗೆಗಳಾದವು. ಮ್ಯೂನಿಕ್‌ನಲ್ಲಿ ಬಲಪಂಥೀಯ ಪಕ್ಷವೊಂದು ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್‌ನನ್ನು ಕರೆಸಿ ಸಭೆ ನಡೆಸಲು ಮುಂದಾಗಿತ್ತು. ನರಮೇಧದ ನಿರಾಕರಣೆಗೆ ಆಸ್ಪದ ಕೊಡಕೂಡದೆಂದು ಆಡಳಿತ ಷರತ್ತು ವಿಧಿಸಿತ್ತು. ಜರ್ಮನಿಯ ಸಂವಿಧಾನ ನ್ಯಾಯಾಲಯ ಆ ಷರತ್ತನ್ನು ಎತ್ತಿಹಿಡಿಯಿತು. ಅಭಿಪ್ರಾಯ ಬೇರೆ, ಸಂಗತಿಯ ಹೇಳಿಕೆ ಬೇರೆ; ಸುಳ್ಳೆಂದು ನಿಸ್ಸಂಶಯವಾಗಿ ಸಾಬೀತಾಗಿರುವ ಸಂಗತಿ ಅಭಿಪ್ರಾಯ ರೂಪಿಸಿಕೊಳ್ಳಲು ನೆರವಾಗುವುದಿಲ್ಲ, ಹಾಗಾಗಿ ಅದಕ್ಕೆ ಅಭಿಪ್ರಾಯ ಸ್ವಾತಂತ್ರ್ಯದ ಆಸರೆ ಇಲ್ಲ ಎಂದು ಅದು ವಿವರಿಸಿತು. ಅದೇ ವರ್ಷ ಸಂಸತ್ತು ದಂಡಸಂಹಿತೆಯ 130ನೇ ಕಲಮಿಗೆ ಮೂರನೇ ಉಪಕಲಮು ಸೇರಿಸಿ, ನಾಜಿ ಆಡಳಿತದ ನರಮೇಧವನ್ನು ಬಹಿರಂಗವಾಗಿ ಸಮರ್ಥಿಸುವುದು, ಅಲ್ಲಗಳೆಯುವುದು ಅಥವಾ ಕ್ಷುಲ್ಲಕಗೊಳಿಸುವುದು ಐದು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹ ಅಪರಾಧವೆಂದಿತು. ಆದರೆ ಆ ಉಪಕಲಮಿನಲ್ಲೇ ಒಂದು ಷರತ್ತಿದೆ: ಮಾತು ಸಾರ್ವಜನಿಕ ನೆಮ್ಮದಿಯನ್ನು ಕದಡುವಂಥದ್ದಾಗಿರಬೇಕು. ಊಟದ ಮೇಜಿನ ಮುಂದೆ ಯಾರೋ ಅಜ್ಜ ಗೊಣಗುವ ಮಾತಿಗೆ ಅದು ಅನ್ವಯಿಸುವುದಿಲ್ಲ.

ಅಭಿಪ್ರಾಯ ಮತ್ತು ಸಂಗತಿಗಳ ನಡುವೆ ನ್ಯಾಯಾಲಯ ಎಳೆದ ಆ ಗೆರೆ ಕಾಗದದ ಮೇಲೆ ಕಾಣುವಷ್ಟು ನೇರವಾಗಿಲ್ಲವೆಂದು ನಾನು ಒಪ್ಪುತ್ತೇನೆ. ಸಂಗತಿ ಸುಳ್ಳಾಗಿದ್ದರೆ ಸಾಕು ಎಂಬುದೇ ಶಿಕ್ಷೆಗೆ ಆಧಾರವಾದರೆ ಪತ್ರಿಕೆ, ಪಠ್ಯಪುಸ್ತಕ, ಚುನಾವಣಾ ಭಾಷಣ ಯಾವುದೂ ಉಳಿಯುವುದಿಲ್ಲ. ಕೆನಡಾದ ಸರ್ವೋಚ್ಚ ನ್ಯಾಯಾಲಯ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಅರ್ನ್ಸ್ಟ್ ಝುಂಡೆಲ್ ಎಂಬ ನಿರಾಕರಣಾವಾದಿಯನ್ನು ಅಲ್ಲಿ ‘ಸುಳ್ಳು ಸುದ್ದಿ’ ಕಲಮಿನಡಿ ಶಿಕ್ಷಿಸಿದ್ದಾಗ, 1992ರಲ್ಲಿ ಆ ಕಲಮನ್ನೇ ನ್ಯಾಯಾಲಯ ರದ್ದುಗೊಳಿಸಿತು. ಸುಳ್ಳು ಎಂಬ ಪದದ ಹರವು ತೀರಾ ದೊಡ್ಡದು ಎಂಬುದು ಕಾರಣ. ಅದಕ್ಕೆ ಎರಡು ವರ್ಷ ಮುಂಚೆ, 1990ರಲ್ಲಿ, ತರಗತಿಯಲ್ಲಿ ಮಕ್ಕಳಿಗೆ ಯೆಹೂದಿ ದ್ವೇಷವನ್ನು ಬೋಧಿಸಿದ್ದ ಜೇಮ್ಸ್ ಕೀಗ್‌ಸ್ಟ್ರಾ ಎಂಬ ಶಾಲಾ ಶಿಕ್ಷಕನ ಪ್ರಕರಣದಲ್ಲಿ, ಉದ್ದೇಶಪೂರ್ವಕ ದ್ವೇಷ ಪ್ರಚಾರದ ವಿರುದ್ಧದ ಕಲಮನ್ನು ಅದೇ ನ್ಯಾಯಾಲಯ ಎತ್ತಿಹಿಡಿದಿತ್ತು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಬೇಡ, ಆ ಸುಳ್ಳನ್ನು ಕೋಲಾಗಿಸಿ ಜನರನ್ನು ಬಡಿದಿದ್ದಕ್ಕೆ ಶಿಕ್ಷೆ ಇರಲಿ ಎಂಬ ಈ ವಿವೇಚನೆಯೇ ನನಗೆ ಒಪ್ಪಿತ.

ಝುಂಡೆಲ್ ವಿಚಾರಣೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. 1985ರಲ್ಲಿ ಟೊರೊಂಟೊ ನ್ಯಾಯಾಲಯದಲ್ಲಿ, ಶಿಬಿರಗಳಿಂದ ಬದುಕಿ ಬಂದವರನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಪಾಟೀಸವಾಲಿನಲ್ಲಿ ಹಿಂಡಲಾಯಿತು. ನರಮೇಧದ ಬಗ್ಗೆ ಅತ್ಯಂತ ಅಧಿಕೃತವಾಗಿ ಬರೆದಿದ್ದ ರಾವುಲ್ ಹಿಲ್‌ಬರ್ಗ್ ಅವರನ್ನೂ ಬಿಡಲಿಲ್ಲ. ಇಂಥ ಮೊಕದ್ದಮೆ ಕೆಲವೊಮ್ಮೆ ನಿರಾಕರಿಸುವವನಿಗೆ ತಾನು ದುಡ್ಡು ಕೊಟ್ಟರೂ ಸಿಗದ ವೇದಿಕೆಯನ್ನು ಉಚಿತವಾಗಿ ಒದಗಿಸುತ್ತದೆ, ಅದರ ಬೆಲೆಯನ್ನು ಬದುಕುಳಿದವರು ಕಟ್ಟಬೇಕಾಗುತ್ತದೆ. ಕಾನೂನು ತರುವವರು ಈ ಲೆಕ್ಕವನ್ನು ಬಿಡಬಾರದು.

ದಂಡಸಂಹಿತೆಯ ನೆರವಿಲ್ಲದೆ ನಿರಾಕರಣೆಯನ್ನು ನೆಲಕಚ್ಚಿಸಿದ ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಮೆರಿಕದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ತನ್ನನ್ನು ನಿರಾಕರಣಾವಾದಿ ಎಂದು ಕರೆದರೆಂದು ಅದೇ ಇರ್ವಿಂಗ್ ಲಂಡನ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಇಂಗ್ಲಿಷ್ ಮಾನನಷ್ಟ ಕಾನೂನಿನಲ್ಲಿ ಹೇಳಿದ್ದು ನಿಜವೆಂಬ ಪುರಾವೆಯ ಹೊಣೆ ಪ್ರತಿವಾದಿಯದು. ಹಾಗಾಗಿ ಲಿಪ್‌ಸ್ಟಾಟ್ ಪರವಾಗಿ ಇತಿಹಾಸಕಾರ ರಿಚರ್ಡ್ ಇವಾನ್ಸ್ ತಮ್ಮ ಸಹಾಯಕರೊಂದಿಗೆ ಇರ್ವಿಂಗ್‌ನ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ಅಲ್ಲಿ ಸಿಕ್ಕ ಒಂದು ದಾಖಲೆ ಹಿಮ್ಲರ್‌ನ ದೂರವಾಣಿ ದಿನಚರಿ. 1941ರ ನವೆಂಬರ್ 30ರ ನಮೂದಿನಲ್ಲಿ ಇದ್ದದ್ದು ಇಷ್ಟೇ: ಬರ್ಲಿನ್‌ನಿಂದ ಹೊರಟ ಯೆಹೂದಿಗಳ ರೈಲು, ಕೊಲ್ಲುವುದು ಬೇಡ. ಅದು ರೀಗಾ ನಗರಕ್ಕೆ ಹೋಗುತ್ತಿದ್ದ ಒಂದು ರೈಲಿನ ಮಾತು. ಆ ಸೂಚನೆ ಹೊರಡುವಷ್ಟರಲ್ಲಿ, ಬೆಳಗ್ಗೆಯೇ, ಅದರಲ್ಲಿದ್ದವರನ್ನು ಗುಂಡಿಕ್ಕಿ ಕೊಂದಾಗಿತ್ತು. ಇರ್ವಿಂಗ್ ಅದನ್ನು ಯೆಹೂದಿಗಳನ್ನು ಕೊಲ್ಲಲೇಬಾರದೆಂದು ಹಿಟ್ಲರ್ ಹೊರಡಿಸಿದ ಆದೇಶವನ್ನಾಗಿ ಹಿಗ್ಗಿಸಿದ್ದ. ಮರುದಿನದ ನಮೂದು ಇನ್ನೂ ಸೋಜಿಗದ್ದು. ಎಸ್‌ಎಸ್ ಆಡಳಿತಾಧಿಕಾರಿಗಳು ಇದ್ದಲ್ಲೇ ಇರತಕ್ಕದ್ದು ಎಂಬ ಸಾಲಿನಲ್ಲಿ ‘ಹಾಬೆನ್’ ಎಂಬ ಸಾಮಾನ್ಯ ಕ್ರಿಯಾಪದವನ್ನು ಅವನು ‘ಯೂಡೆನ್’, ಅಂದರೆ ಯೆಹೂದಿಗಳು, ಎಂದು ಓದಿ, ಯೆಹೂದಿಗಳು ಇದ್ದಲ್ಲೇ ಇರಲಿ ಎಂಬ ಅರ್ಥ ಹೊರಡಿಸಿದ್ದ. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ 300ಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಇರ್ವಿಂಗ್‌ನ ದಾವೆಯನ್ನು ವಜಾಗೊಳಿಸಿದರು. ಅವನ ಇತಿಹಾಸಕಾರನ ಹೆಸರು ಅಲ್ಲಿಗೆ ಮುಗಿಯಿತು.

ಆರು ವರ್ಷಗಳ ಬಳಿಕ, 2006ರ ಫೆಬ್ರವರಿಯಲ್ಲಿ, ವಿಯೆನ್ನಾದ ನ್ಯಾಯಾಲಯ ಅದೇ ಇರ್ವಿಂಗ್‌ಗೆ 1989ರಲ್ಲಿ ಆಸ್ಟ್ರಿಯಾದಲ್ಲಿ ಮಾಡಿದ್ದ ಭಾಷಣಗಳಿಗಾಗಿ ಮೂರು ವರ್ಷ ಜೈಲು ವಿಧಿಸಿತು. ಮೇಲ್ಮನವಿಯ ನಂತರ ಆ ವರ್ಷದ ಡಿಸೆಂಬರ್‌ನಲ್ಲಿ ಅವನು ಹೊರಬಂದ. ಲಂಡನ್‌ನಲ್ಲಿ ಅವನಿಂದ ಅಷ್ಟೆಲ್ಲ ಅನುಭವಿಸಿದ್ದ ಲಿಪ್‌ಸ್ಟಾಟ್ ಅವರೇ ಈ ಜೈಲು ಶಿಕ್ಷೆಯನ್ನು ವಿರೋಧಿಸಿದರು. ಲಂಡನ್ ತೀರ್ಪಿನಿಂದ ವಂಚಕನಾಗಿ ಕಂಡವನು ವಿಯೆನ್ನಾ ತೀರ್ಪಿನಿಂದ ಕೆಲವರ ಕಣ್ಣಿಗೆ ಹುತಾತ್ಮನಾಗಿ ಕಂಡ. ಆಸ್ಟ್ರಿಯಾದ ಕಾನೂನೇ ತಪ್ಪೆಂದು ನಾನು ಹೇಳಲಾರೆ. ಹಿಟ್ಲರ್ ಹುಟ್ಟಿದ ನಾಡು 1945ರಲ್ಲಿ ನಾಜಿ ಸಂಘಟನೆಗಳನ್ನು ನಿಷೇಧಿಸಿ, 1992ರಲ್ಲಿ ನಿರಾಕರಣೆಯನ್ನೂ ಅದರಡಿ ತಂದದ್ದಕ್ಕೆ ಅದರದ್ದೇ ಕಾರಣಗಳಿವೆ. ಆದರೆ 16 ವರ್ಷ ಹಳೆಯ ಭಾಷಣಕ್ಕೆ ಜೈಲು ಎಂಬುದನ್ನು ಸಾರ್ವಜನಿಕ ನೆಮ್ಮದಿಯ ರಕ್ಷಣೆ ಎಂದು ಒಪ್ಪುವುದು ಕಷ್ಟ.

ಅಮೆರಿಕದಲ್ಲಿ ಏನೂ ಆಗುವುದಿಲ್ಲ ಎಂಬ ನಿಮ್ಮ ಮಾತಿಗೆ ಒಂದು ಸಣ್ಣ ತಿದ್ದುಪಡಿ ಬೇಕು. ಅಲ್ಲಿ ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಮತ್ತು ಅದು ನಡೆದೇ ಬಿಡುವ ಸಂಭವವಿರುವ ಮಾತನ್ನು ಮಾತ್ರ ದಂಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ 1969ರ ಬ್ರಾಂಡನ್‌ಬರ್ಗ್ ತೀರ್ಪು ಹೇಳಿದೆ. ಹಾಗಾಗಿ ನಿರಾಕರಣೆ ಅಪರಾಧವಲ್ಲ. ಆದರೂ ಕ್ಯಾಲಿಫೋರ್ನಿಯಾದಲ್ಲಿ ನಿರಾಕರಣಾವಾದಿಗಳ ಸಂಸ್ಥೆಯೊಂದು, ಔಶ್ವಿಟ್ಸ್‌ನಲ್ಲಿ ಯೆಹೂದಿಗಳನ್ನು ಅನಿಲದಿಂದ ಕೊಂದದ್ದನ್ನು ಸಾಬೀತುಪಡಿಸಿದವರಿಗೆ 50,000 ಡಾಲರ್ ಕೊಡುವುದಾಗಿ ಸವಾಲು ಹಾಕಿದಾಗ, ಅಲ್ಲಿಂದ ಬದುಕಿ ಬಂದಿದ್ದ ಮೆಲ್ ಮರ್ಮೆಲ್‌ಸ್ಟೈನ್ ಸವಾಲು ಸ್ವೀಕರಿಸಿದರು, ಹಣ ಕೊಡದಿದ್ದಾಗ ಸಿವಿಲ್ ದಾವೆ ಹೂಡಿದರು. 1981ರ ಅಕ್ಟೋಬರ್ 9ರಂದು ನ್ಯಾಯಾಧೀಶರು, 1944ರ ಬೇಸಿಗೆಯಲ್ಲಿ ಔಶ್ವಿಟ್ಸ್‌ನಲ್ಲಿ ಯೆಹೂದಿಗಳನ್ನು ಅನಿಲದಿಂದ ಕೊಂದದ್ದು ಪುರಾವೆಯ ಅಗತ್ಯವೇ ಇಲ್ಲದ ಸಂಗತಿ ಎಂದು ದಾಖಲಿಸಿದರು. 1985ರಲ್ಲಿ ಸಂಸ್ಥೆ 90,000 ಡಾಲರ್ ಕೊಟ್ಟು ಕ್ಷಮೆ ಕೇಳಿತು. ದಂಡಸಂಹಿತೆಯ ಬಾಗಿಲು ಮುಚ್ಚಿದ್ದರೂ ಸಿವಿಲ್ ಬಾಗಿಲು ತೆರೆದಿತ್ತು.

ಒಂದು ನರಮೇಧಕ್ಕೆ ರಕ್ಷಣೆ, ಇನ್ನೊಂದಕ್ಕೆ ಇಲ್ಲವೇಕೆ ಎಂಬುದು ನಿಮ್ಮ ಪ್ರಶ್ನೆಗಳಲ್ಲೆಲ್ಲ ಕಠಿಣವಾದದ್ದು, ನನ್ನನ್ನು ನಿಜವಾಗಿ ಕಾಡುವಂಥದ್ದು. ಫ್ರಾನ್ಸಿನ 1990ರ ಗೇಸೋ ಕಾಯಿದೆ ದಂಡಿಸುವುದು ನಾಜಿ ನಾಯಕರ ವಿಚಾರಣೆಗೆಂದು ರಚಿಸಿದ ನ್ಯೂರೆಂಬರ್ಗ್ ಸನ್ನದಿನಲ್ಲಿ ವ್ಯಾಖ್ಯಾನಗೊಂಡ, ನ್ಯಾಯಾಲಯಗಳು ಸಾಕ್ಷ್ಯ ಪರಿಶೀಲಿಸಿ ತೀರ್ಪಿತ್ತ ಅಪರಾಧಗಳ ನಿರಾಕರಣೆಯನ್ನು. 2012ರಲ್ಲಿ ಫ್ರೆಂಚ್ ಸಂಸತ್ತು, ತಾನು 2001ರಲ್ಲಿ ಶಾಸನದ ಮೂಲಕ ಮಾನ್ಯ ಮಾಡಿದ್ದ ಆರ್ಮೇನಿಯನ್ ನರಮೇಧವನ್ನೂ ಇಂಥ ರಕ್ಷಣೆಯಡಿ ತರಲು ಹೊರಟಾಗ, ಸಂವಿಧಾನ ಮಂಡಳಿ ಅದನ್ನು ತಳ್ಳಿಹಾಕಿತು: ಯಾವುದು ಅಪರಾಧವೆಂದು ತಾನೇ ಹೆಸರಿಟ್ಟು, ಆ ಹೆಸರನ್ನು ಒಪ್ಪದವರನ್ನು ತಾನೇ ದಂಡಿಸುವ ಅಧಿಕಾರ ಶಾಸಕಾಂಗಕ್ಕಿಲ್ಲ. 2015ರ ಅಕ್ಟೋಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದೇ ದಾರಿ ಹಿಡಿಯಿತು. ಆರ್ಮೇನಿಯನ್ ನರಮೇಧ ಅಂತರರಾಷ್ಟ್ರೀಯ ಸುಳ್ಳು ಎಂದು ಸ್ವಿಟ್ಜರ್ಲೆಂಡಿನಲ್ಲಿ ಭಾಷಣ ಮಾಡಿದ್ದ ಟರ್ಕಿಯ ರಾಜಕಾರಣಿ ದೋವು ಪೆರಿಂಚೆಕ್‌ನ ಶಿಕ್ಷೆ ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯೆಂದು ಹತ್ತು ನ್ಯಾಯಾಧೀಶರು ಹೇಳಿದರು, ಏಳು ಮಂದಿ ಒಪ್ಪಲಿಲ್ಲ. ಮಾತಿನಲ್ಲಿ ದ್ವೇಷಕ್ಕೆ ಕರೆ ಇರಲಿಲ್ಲ, ಸ್ವಿಟ್ಜರ್ಲೆಂಡಿಗೂ 1915ರ ಘಟನೆಗಳಿಗೂ ನೇರ ನಂಟಿಲ್ಲ, ಕಾಲವೂ ಬಹಳ ಸರಿದಿದೆ ಎಂಬವು ಬಹುಮತದ ಕಾರಣಗಳು. ನಾಜಿ ಕ್ರೌರ್ಯ ಕಂಡ ದೇಶಗಳಲ್ಲಿ ಯೆಹೂದಿಗಳ ನರಮೇಧದ ನಿರಾಕರಣೆಯನ್ನು ಯೆಹೂದಿ ದ್ವೇಷವೆಂದೇ ಊಹಿಸಬಹುದು ಎಂದು ಅದು ವಿವರಿಸಿತು.

ತೀರ್ಪಿನ ಫಲಿತಾಂಶ ನನಗೆ ಒಪ್ಪಿಗೆ. ಕಾರಣಗಳಲ್ಲಿ ಒಂದು ಮಾತ್ರ ಒಪ್ಪಿಗೆಯಿಲ್ಲ. ಮಾತು ಒಂದು ಗಳಿಗೆಯಲ್ಲಿ ಖಂಡ ದಾಟುವ ಈ ಕಾಲದಲ್ಲಿ ಘಟನೆ ನಡೆದ ನೆಲದ ದೂರವನ್ನು ಅಳೆಯುವುದರಲ್ಲಿ ಅರ್ಥ ಕಡಿಮೆ. ಅಜ್ಜಿಯ ಬಾಯಿಂದ ಸಿರಿಯಾ ಮರುಭೂಮಿಗೆ ಅಟ್ಟಿದ ಸಾವಿನ ನಡಿಗೆಯ ಕಥೆ ಕೇಳಿ ಬೆಳೆದ ಆರ್ಮೇನಿಯನ್ನನಿಗೆ, ನಿನ್ನ ಗಾಯ ಇಲ್ಲಿಗೆ ದೂರದ್ದು ಎನ್ನುವುದು ಗಾಯದ ಮೇಲೆ ಉಪ್ಪು ಸವರಿದಂತೆಯೇ. ನೆಲ ಯಾವುದೇ ಇರಲಿ, ಮಾತು ದ್ವೇಷಕ್ಕೆ ಕರೆಕೊಟ್ಟಿತೇ ಎಂಬ ಒಂದೇ ಅಳತೆಗೋಲನ್ನು ಎಲ್ಲ ನರಮೇಧಗಳಿಗೂ ಬಳಸಿದ್ದರೆ ತಾರತಮ್ಯದ ದೂರು ಹುಟ್ಟುತ್ತಿರಲಿಲ್ಲ. ಜರ್ಮನಿ 2022ರಲ್ಲಿ ಸೇರಿಸಿದ ಹೊಸ ಉಪಕಲಮು ಬಹುಮಟ್ಟಿಗೆ ಆ ದಿಕ್ಕಿನದು: ಯಾವುದೇ ನರಮೇಧದ ನಿರಾಕರಣೆ ಒಂದು ಗುಂಪಿನ ವಿರುದ್ಧ ದ್ವೇಷ ಅಥವಾ ಹಿಂಸೆ ಕೆರಳಿಸುವಂತಿದ್ದು, ಸಾರ್ವಜನಿಕ ನೆಮ್ಮದಿಯನ್ನೂ ಕದಡುವಂತಿದ್ದರೆ ಮಾತ್ರ ಶಿಕ್ಷೆ.

ಅಳತೆಗೋಲು ಸಡಿಲವಾದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ರಷ್ಯಾ 2014ರಲ್ಲಿ ನಾಜಿವಾದದ ಪುನಃಸ್ಥಾಪನೆಯನ್ನು ತಡೆಯುವ ಹೆಸರಿನ ಕಲಮು ತಂದಿತು. 1939ರಲ್ಲಿ ಸೋವಿಯತ್ ಒಕ್ಕೂಟವೂ ಜರ್ಮನಿಯೂ ಸೇರಿ ಪೋಲೆಂಡಿನ ಮೇಲೆ ದಾಳಿ ಮಾಡಿದವು ಎಂಬ ಬರಹವನ್ನು ಹಂಚಿಕೊಂಡ ವ್ಯಕ್ತಿಗೆ 2016ರಲ್ಲಿ ಅದರಡಿ ಎರಡು ಲಕ್ಷ ರೂಬಲ್ ದಂಡ ಬಿತ್ತು. 1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೋಲೆಂಡಿನ ಗಡಿ ದಾಟಿದ್ದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ರುವಾಂಡಾದ ಸ್ಥಿತಿ ಇನ್ನೂ ಸಂಕೀರ್ಣ. 1994ರಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಟುಟ್ಸಿ ಜನಾಂಗದವರನ್ನು ಕೊಲ್ಲಲು ರೇಡಿಯೊವೇ ಕರೆಕೊಟ್ಟಿದ್ದ ನಾಡು ಮಾತಿಗೆ ಹೆದರುವುದರಲ್ಲಿ ಅಚ್ಚರಿಯಿಲ್ಲ. ಆದರೆ 2010ರಲ್ಲಿ ರಾಜಧಾನಿ ಕಿಗಾಲಿಯ ಸ್ಮಾರಕದ ಬಳಿ ನಿಂತು, ಕೊಲೆಯಾದ ಹುಟು ಜನಾಂಗದವರನ್ನೂ ನೆನೆಯಬೇಕೆಂದ ವಿರೋಧ ಪಕ್ಷದ ನಾಯಕಿ ವಿಕ್ಟೊಯರ್ ಇಂಗಾಬಿರೆ ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ನರಮೇಧವನ್ನು ಕ್ಷುಲ್ಲಕಗೊಳಿಸಿದ್ದೂ ಒಂದಾಗಿತ್ತು. ಮೇಲ್ಮನವಿಯಲ್ಲಿ ಅವರ ಶಿಕ್ಷೆ 15 ವರ್ಷಕ್ಕೆ ಏರಿತು. ಅಂಥ ಕಾನೂನು ಇರಬಹುದು, ಆದರೆ ಆ ಭಾಷಣದಲ್ಲಿ ಟುಟ್ಸಿಗಳ ನರಮೇಧದ ನಿರಾಕರಣೆ ಇರಲಿಲ್ಲ ಎಂದು ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಹೇಳಿತು.

ಟರ್ಕಿಯ ಮಾತು ಬಂದಾಗ ನಾನು ಮತ್ತೆ ಮತ್ತೆ ನೆನೆಯುವುದು ಇಸ್ತಾಂಬುಲ್‌ನ ಆರ್ಮೇನಿಯನ್ ಪತ್ರಕರ್ತ ಹ್ರಾಂಟ್ ಡಿಂಕ್ ಅವರನ್ನು. ಟರ್ಕಿತನವನ್ನು ಅವಮಾನಿಸಿದರೆಂದು ಅಲ್ಲಿನ ದಂಡಸಂಹಿತೆಯ 301ನೇ ಕಲಮಿನಡಿ ಅವರಿಗೆ 2005ರಲ್ಲಿ ಶಿಕ್ಷೆಯಾಗಿತ್ತು. ತಮ್ಮ ಜನರ ನರಮೇಧವನ್ನು ಅಲ್ಲಗಳೆಯುವವರನ್ನು ದಂಡಿಸುವ ಮಸೂದೆ 2006ರಲ್ಲಿ ಫ್ರಾನ್ಸಿನಲ್ಲಿ ಬಂದಾಗ, ಅದಕ್ಕೆ ಅವರು ಸಂತೋಷಪಡಬೇಕಿತ್ತು. ಬದಲಿಗೆ, ಅದು ಕಾನೂನಾದರೆ ತಾನೇ ಫ್ರಾನ್ಸಿಗೆ ಹೋಗಿ, ತಾನು ನಂಬದ ಆ ಮಾತನ್ನಾಡಿ ಅದನ್ನು ಮುರಿಯುತ್ತೇನೆ ಎಂದರು. 2007ರ ಜನವರಿ 19ರಂದು ತಮ್ಮ ಪತ್ರಿಕಾ ಕಚೇರಿಯ ಎದುರು ಅವರು ಗುಂಡೇಟಿಗೆ ಬಲಿಯಾದರು. ಎರಡೂ ಕಡೆಯ ಕಲಮುಗಳ ಬಿಸಿ ತಿಳಿದಿದ್ದ ಅವರ ಮಾತಿಗೆ ನನ್ನಂಥವರ ತರ್ಕಕ್ಕಿಂತ ಹೆಚ್ಚು ತೂಕವಿದೆ ಎಂದು ನಂಬುತ್ತೇನೆ.

ಇನ್ನು ಪ್ರಾಮಾಣಿಕ ಇತಿಹಾಸಕಾರನ ಗತಿ. ಬಿರ್ಕೆನಾವ್ ಸ್ಮಾರಕದ ಫಲಕಗಳಲ್ಲಿ ದಶಕಗಳ ಕಾಲ ನಲವತ್ತು ಲಕ್ಷ ಎಂಬ ಅಂಕಿಯಿತ್ತು. ಅದು ಸೋವಿಯತ್ ತನಿಖೆಯ ಆರಂಭದ ಅಂದಾಜು. ಹಿಲ್‌ಬರ್ಗ್ 1961ರಲ್ಲೇ ಔಶ್ವಿಟ್ಸ್‌ನಲ್ಲಿ ಸತ್ತ ಯೆಹೂದಿಗಳು ಸುಮಾರು ಹತ್ತು ಲಕ್ಷ, ಯುರೋಪಿನಲ್ಲಿ ಒಟ್ಟು 51 ಲಕ್ಷ ಎಂದು ಲೆಕ್ಕ ಹಾಕಿದ್ದರು. ಅನೇಕ ವಿದ್ವಾಂಸರು ಒಟ್ಟು ಸಂಖ್ಯೆಯನ್ನು 60 ಲಕ್ಷದ ಆಸುಪಾಸಿಗೆ ತರುತ್ತಾರೆ. ಔಶ್ವಿಟ್ಸ್ ವಸ್ತುಸಂಗ್ರಹಾಲಯದವರೇ ಆದ ಫ್ರಾಂಚಿಶೆಕ್ ಪೀಪರ್ ರೈಲುಗಳ ದಾಖಲೆಯನ್ನು ಒಂದೊಂದಾಗಿ ಕೂಡಿಸಿ, ಅಲ್ಲಿ ಸತ್ತವರು ಕನಿಷ್ಠ 11 ಲಕ್ಷ, ಅವರಲ್ಲಿ ಯೆಹೂದಿಗಳು ಸುಮಾರು ಹತ್ತು ಲಕ್ಷ ಎಂಬ ತೀರ್ಮಾನಕ್ಕೆ ಬಂದರು. 1990ರಲ್ಲಿ ಹಳೆಯ ಫಲಕಗಳನ್ನು ತೆಗೆದುಹಾಕಲಾಯಿತು. ಅಂಕಿ ನಾಲ್ಕನೇ ಒಂದರಷ್ಟಕ್ಕೆ ಇಳಿಯಿತು, ಪೀಪರ್ ಅವರನ್ನು ಯಾರೂ ನ್ಯಾಯಾಲಯಕ್ಕೆ ಎಳೆಯಲಿಲ್ಲ. ಅವರ ಸಂಖ್ಯೆಯೇ ಇಂದು ಎಲ್ಲರೂ ಬಳಸುವ ಸಂಖ್ಯೆ.

ಪೀಪರ್ ಮತ್ತು ಇರ್ವಿಂಗ್ ಇಬ್ಬರೂ ಹಳೆಯ ದಾಖಲೆಗಳನ್ನೇ ಕೈಗೆತ್ತಿಕೊಂಡರು, ಇಬ್ಬರೂ ರೂಢಿಯ ಮಾತನ್ನು ಪ್ರಶ್ನಿಸಿದರು. ಇಬ್ಬರನ್ನು ಬೇರ್ಪಡಿಸುವುದು ಹೇಗೆ ಎಂಬುದಕ್ಕೆ ನ್ಯಾಯಮೂರ್ತಿ ಗ್ರೇ ಅವರ ತೀರ್ಪಿನಲ್ಲಿ ಒಂದು ಗುರುತು ಸಿಗುತ್ತದೆ. ಇರ್ವಿಂಗ್ ಮಾಡಿದ ತಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವೆಲ್ಲ ಒಂದೇ ಕಡೆಗೆ ವಾಲಿದ್ದವು, ಹಿಟ್ಲರ್‌ನನ್ನು ಹೊಣೆಯಿಂದ ಪಾರುಮಾಡುವ ಕಡೆಗೆ. ಅಕಸ್ಮಾತ್ತಾಗಿ ಆದ ತಪ್ಪುಗಳು ಹಾಗೆ ಒಂದೇ ದಿಕ್ಕು ಹಿಡಿಯುವುದಿಲ್ಲ ಎಂದು ಅವರು ಗಮನಿಸಿದರು.